ನಾಮದ ಬೇರು: ಕುದಿಸಿದರೆ ಕೆಟ್ಟಿತು, ನೆನೆಸಿದರೆ ದಕ್ಕಿತು

ಗಾವಟಿ ಔಷಧದ ಅಂಕಣದಲ್ಲಿ ಕಳೆದ ಸಲ ನಾಮದ ಬೇರಿನ ಬಗ್ಗೆ ನಾಲ್ಕು ಸಾಲು ಬರೆದು, 'ಬೇಸಿಗೆಯ ಉರಿಗೆ ಒಳ್ಳೆಯದು' ಎಂದು ಮುಗಿಸಿದ್ದೆವು. ಅಷ್ಟಕ್ಕೇ ಬಂದ ಪತ್ರಗಳು ರಾಶಿ. ಹೆಚ್ಚಿನವರ ತೊಡಕು ಒಂದೇ: ಬೇರು ಸಿಕ್ಕಿದೆ, ಮುಂದೇನು? ಆದ್ದರಿಂದ ಈ ಸಂಚಿಕೆಯನ್ನು ಪೂರಾ ಈ ಬೇರಿಗೇ ಬಿಟ್ಟಿದ್ದೇವೆ. ಸೊಗದೇ ಬೇರು, ಸುಗಂಧಿ ಬೇರು, ಅನಂತಮೂಲ, ಸಾರಿವಾ ಎಂದು ಕರೆಯುವುದೂ ಇದನ್ನೇ.

ನಮ್ಮ ಹೊಲದ ಒಡ್ಡಿನ ಕಂಟಿಯೊಳಗ ಒಂದು ಸಣ್ಣ ಬಳ್ಳಿ ಐತಿ. ಎಲಿ ಹರದರ ಹಾಲು ಬರತೈತಿ. ಇದು ನಾಮದ ಬೇರಿನ ಬಳ್ಳಿನೋ ಬ್ಯಾರೆ ಏನರ ಐತೋ, ಹೆಂಗ ಗುರತಾ ಹಿಡೀಬೇಕ್ರಿ?
— ಒಬ್ಬ ರೈತರು, ಮುಂಡರಗಿ

ಹಾಲು ಬಂತೆಂದು ನಂಬಬೇಡಿ. ಹಾಲು ಒಸರುವ ಬಳ್ಳಿಗಳು ನಿಮ್ಮ ಒಡ್ಡಿನ ಮೇಲೆಯೇ ಇನ್ನೂ ನಾಲ್ಕೈದು ಇದ್ದಾವು.

ಮೊದಲು ಎಲೆ ನೋಡಿ. ಗಿಣ್ಣಿಗೆ ಎರಡರಂತೆ ಎದುರುಬದುರು ಇರಬೇಕು. ಎಳೆಯ ಎಲೆ ಉದ್ದ, ಕಿರಿದು. ಕಡುಹಸಿರಿನ ನಡುವೆ ನಾಮ ಎಳೆದಂತೆ ಬಿಳಿ ಗೀರು. ಹೆಸರು ಬಂದಿದ್ದೇ ಅದರಿಂದ. ಆದರೆ ಬಲಿತ ಬಳ್ಳಿಯಲ್ಲಿ ಎಲೆ ಅಗಲವಾಗಿ ಗೀರು ಮಾಸಿರುತ್ತದೆ. ಒಂದೇ ಬಳ್ಳಿಯಲ್ಲಿ ಎರಡೂ ಬಗೆಯ ಎಲೆ ಇರುವುದರಿಂದ ತುದಿಯಿಂದ ಬುಡದವರೆಗೆ ನೋಡದೆ ತೀರ್ಮಾನ ಮಾಡಬೇಡಿ. ಕಾಂಡ ತಂತಿಯಷ್ಟು ಸಣ್ಣದು, ಗಿಣ್ಣಿನಲ್ಲಿ ಕೊಂಚ ಉಬ್ಬು. ಹೂವು ತೀರ ಚಿಕ್ಕದು, ಹೊರಗೆ ಹಸಿರು, ಒಳಗೆ ನೇರಳೆ ಛಾಯೆ. ಕಾಯಿ ಜೋಡಿಯಾಗಿ, ಪೆನ್ಸಿಲ್‌ಗಿಂತ ಸಪೂರವಾಗಿ ಇರುತ್ತದೆ. ಒಣಗಿ ಬಿರಿದರೆ ಎಕ್ಕಿಯ ಬೀಜದಂತೆ ರೇಷ್ಮೆ ಎಳೆ ಹೊತ್ತ ಬೀಜ ಹಾರುತ್ತವೆ.

ಕೊನೆಯ ಪರೀಕ್ಷೆ ಬೇರಿನದು. ಬುಡದಿಂದ ಒಂದು ಗೇಣು ದೂರದಲ್ಲಿ ಮಣ್ಣು ಕೆದಕಿ, ಒಂದೇ ಒಂದು ಬೇರಿನ ಬೆರಳುದ್ದದ ತುಂಡು ಕತ್ತರಿಸಿ. ಕವಲು ಕಡಿಮೆ, ಮೇಲೆ ಕಂದು ಸಿಪ್ಪೆ, ಅದರೊಳಗೆ ಕೆನೆಬಣ್ಣದ ತೊಗಟೆ, ನಟ್ಟನಡುವೆ ಗಟ್ಟಿ ಹಳದಿ ದಿಂಡು. ಉಗುರಿನಿಂದ ಗೀರಿ ಮೂಸಿದರೆ ಸಿಹಿಯಾದ ಘಮ ಥಟ್ಟನೆ ಬರಬೇಕು. 'ಬಂದಂಗ ಐತಿ' ಎಂದು ಅನುಮಾನ ಬಂದರೆ ಅದು ನಾಮದ ಬೇರಲ್ಲ.

ಮೋಸ ಹೋಗುವುದು ಮುಖ್ಯವಾಗಿ ಎರಡು ಬಳ್ಳಿಗಳಲ್ಲಿ. ಒಂದು ಕರಿಹಂಬು. ಇದನ್ನು ಕೃಷ್ಣ ಸಾರಿವಾ ಎಂದು ವೈದ್ಯರೂ ಬಳಸುತ್ತಾರೆ, ಆದರೆ ಬೇರಿಗೆ ಈ ಘಮವಿಲ್ಲ. ಇನ್ನೊಂದು ಆಡುಮುಟ್ಟದ ಬಳ್ಳಿ. ಅದರ ಎಲೆ ದಪ್ಪ, ಮೊಟ್ಟೆಯಾಕಾರ. ಬೇರು ಒಂದೇ ಬುಡದಿಂದ ಗೊಂಚಲಾಗಿ ಇಳಿದಿರುತ್ತದೆ. ನಾಮದ ಬೇರೆಂದು ಅದನ್ನು ಕುಡಿದರೆ ವಾಂತಿ ನಿಲ್ಲುವುದಿಲ್ಲ. ಅದು ವಾಂತಿ ಮಾಡಿಸಲೆಂದೇ ಕೊಡುತ್ತಿದ್ದ ಮದ್ದು. ಇಷ್ಟಾದರೂ ಗೊಂದಲ ಉಳಿದರೆ ಎಲೆ, ಕಾಯಿ, ಬೇರಿನ ತುಂಡು ಮೂರನ್ನೂ ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಹತ್ತಿರದ ಆಯುರ್ವೇದ ಕಾಲೇಜಿನ ದ್ರವ್ಯಗುಣ (ಮದ್ದಿನ ಗಿಡಗಳ) ವಿಭಾಗಕ್ಕೆ ತೋರಿಸಿ. ಬರೀ ಮೊಬೈಲ್ ಫೋಟೋದಿಂದ ಬೇರು ಗುರುತಿಸುವುದು ಯಾರಿಂದಲೂ ಆಗದು.

ಅಂಗಡಿಯಲ್ಲಿ ಸುಗಂಧಿ ಬೇರು ಕೇಳಿದರೆ ಒಬ್ಬರು ತಂತಿಯಂಥದ್ದು ಕೊಡುತ್ತಾರೆ, ಇನ್ನೊಬ್ಬರು ಬೆರಳಿಗಿಂತ ದಪ್ಪದ್ದು. ವಾಸನೆ ಎರಡಕ್ಕೂ ಒಂದೇ. ಯಾವುದು ಸರಿ?
— ಗೃಹಿಣಿ, ಹುಬ್ಬಳ್ಳಿ

ತಂತಿಯಂಥದ್ದು. ದಪ್ಪನೆಯದು ಮಾಕಳಿ ಬೇರು. ದಕ್ಷಿಣದ ಜಿಲ್ಲೆಗಳಲ್ಲಿ ಉಪ್ಪಿನಕಾಯಿ ಹಾಕುತ್ತಾರಲ್ಲ, ಅದು. ಎರಡರ ಘಮಕ್ಕೂ ಕಾರಣವಾದ ರಾಸಾಯನಿಕ ಒಂದೇ ಆದ್ದರಿಂದ ಮೂಗಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಮಾಕಳಿ ವಿಷವೇನಲ್ಲ, ಪಾನಕಕ್ಕೆ ನಡೆಯುತ್ತದೆ. ಆದರೆ ಸಾರಿವಾ ಎಂದು ಹೇಳಿದ ಪ್ರಮಾಣ, ಗುಣ ಅದಕ್ಕೆ ಅನ್ವಯಿಸುವುದಿಲ್ಲ. ಅಲ್ಲದೆ ಬುಡಸಮೇತ ಕಿತ್ತು ಕಿತ್ತು ಕಾಡಿನಲ್ಲಿ ಅದು ಅಪರೂಪವಾಗಿದೆ.

ಒಣ ನಾಮದ ಬೇರಿನ ಸಿಪ್ಪೆಯ ಮೇಲೆ ಅಡ್ಡಡ್ಡ ಬಿರುಕುಗಳಿದ್ದು, ಬಗ್ಗಿಸಿದರೆ ತೊಗಟೆ ದಿಂಡಿನಿಂದ ಉಂಗುರ ಉಂಗುರವಾಗಿ ಕಳಚುತ್ತದೆ. ಕೊಳ್ಳುವಾಗ ಒಂದು ತುಂಡು ಮುರಿದೇ ನೋಡಿ. ಬೇರಿನ ಜೊತೆ ಕಾಂಡವನ್ನೂ ಕತ್ತರಿಸಿ ತೂಕ ಹೆಚ್ಚಿಸುವುದು ಮಾಮೂಲು. ಗಿಣ್ಣು ಕಂಡ ತುಂಡೆಲ್ಲ ಕಾಂಡ. ಪುಡಿಯನ್ನಂತೂ ಕೊಳ್ಳಲೇಬೇಡಿ. ಪುಡಿಯಾದ ಮೇಲೆ ಅದು ಏನೆಂದು ಹೇಳುವುದು ಹೇಗೆ?

ಇಪ್ಪತ್ತು ಗ್ರಾಂ ಬೇರು ಹಾಕಿ ಅರ್ಧ ತಾಸು ಚೆನ್ನಾಗಿ ಕುದಿಸಿದೆ. ಕುದಿಯುವಾಗ ಮನೆಯೆಲ್ಲ ಘಮ್ಮೆಂದಿತು. ಕುಡಿದರೆ ಬರೀ ಒಗರು, ವಾಸನೆಯೇ ಇಲ್ಲ. ಬೇರು ಹಳೆಯದೇ?
— ನಿವೃತ್ತ ಶಿಕ್ಷಕರು, ಬ್ಯಾಡಗಿ

ಬೇರು ಚೆನ್ನಾಗಿಯೇ ಇತ್ತು. ಘಮ್ಮೆಂದು ಮನೆ ತುಂಬಿತಲ್ಲ, ನಿಮ್ಮ ಲೋಟಕ್ಕೆ ಬರಬೇಕಾದ್ದು ಅದೇ. ಈ ಘಮದ ವಸ್ತು ವೆನಿಲ್ಲಾದಲ್ಲಿರುವ ವೆನಿಲಿನ್‌ನ ಸೋದರಸಂಬಂಧಿ. ಅಣುವಿನಲ್ಲಿರುವ ಪರಮಾಣುಗಳ ಲೆಕ್ಕ ಒಂದೇ, ಜೋಡಣೆ ಮಾತ್ರ ಬೇರೆ. ನೀರು ಕುದ್ದರೆ ಆವಿಯ ಜೊತೆ ಹಾರಿಹೋಗುತ್ತದೆ. ಶುಂಠಿ, ಅಮೃತಬಳ್ಳಿ ಕುದಿಸುವ ರೂಢಿಯಲ್ಲಿ ಇದನ್ನೂ ಕುದಿಸುವವರೇ ಬಹಳ.

ಸರಿಯಾದ ದಾರಿ ಎಂದರೆ 'ಹಿಮ', ಅಂದರೆ ಕುದಿಸದೆ ತಣ್ಣೀರಲ್ಲಿ ನೆನೆಸಿ ತೆಗೆದ ಸಾರ. ಆಯುರ್ವೇದದ ಲೆಕ್ಕ ಒಂದು ಭಾಗ ಮದ್ದಿಗೆ ಆರು ಭಾಗ ತಣ್ಣೀರು. 10 ಗ್ರಾಂ ಒಣಬೇರನ್ನು ತೊಳೆದು, ಒರಳಲ್ಲಿ ಹಾಕಿ ತೊಗಟೆ ಬಿಡುವಷ್ಟೇ ಜಜ್ಜಿ. ನಡುವಿನ ದಿಂಡು ಆರಿಸಿ ಎಸೆಯಿರಿ; ಘಮವಿರುವುದು ತೊಗಟೆಯಲ್ಲಿ, ದಿಂಡಿನಲ್ಲಿರುವುದು ಒಗರು. ನುಣ್ಣಗೆ ಪುಡಿ ಮಾಡಬೇಡಿ, ಸೋಸಲು ಬಾರದೆ ರಾಡಿಯಾಗುತ್ತದೆ. ಜಜ್ಜಿದ್ದನ್ನು ಗಾಜಿನ ಅಥವಾ ಸ್ಟೀಲಿನ ಪಾತ್ರೆಗೆ ಹಾಕಿ, 60 ಮಿಲಿ ನೀರು ಹೊಯ್ದು, ಬಿಗಿಯಾಗಿ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಿವುಚಿ ಅರಿವೆಯಲ್ಲಿ ಹಿಂಡಿದರೆ 40 ಮಿಲಿಯಷ್ಟು ಸಿಕ್ಕೀತು. ಒಂದು ಲೋಟ ನೀರಿಗೆ ಬೆರೆಸಿ ದಿನಕ್ಕೆ ಒಮ್ಮೆ ಕುಡಿಯಿರಿ. ಕಾಯಿಸಿ ಆರಿಸಿದ ಕುಡಿಯುವ ನೀರನ್ನೇ ಬಳಸಿ. ಸವುಳು ಬೋರಿನ ನೀರಿನಲ್ಲಿ ರುಚಿ ಕೆಡುತ್ತದೆ. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿಗೆ ಸಂಜೆಯ ಹೊತ್ತಿಗೆ ಹುಳಿ ವಾಸನೆ ಬರಬಹುದು. ಬಂದರೆ ಚೆಲ್ಲಿ. ಅಂದಿನದು ಅಂದಿಗೇ.

ರಾತ್ರಿ ನೆನೆಹಾಕಲು ಮರೆತಿರಾ? ನೀರನ್ನು ಕುದಿಸಿ ಒಲೆಯಿಂದ ಇಳಿಸಿ, ಜಜ್ಜಿದ ತೊಗಟೆಯ ಮೇಲೆ ಹೊಯ್ದು 20 ನಿಮಿಷ ಮುಚ್ಚಿಡಿ. ಮುಚ್ಚಳದ ಒಳಗಿನ ಹನಿಗಳನ್ನೂ ಪಾತ್ರೆಗೇ ಕೊಡವಿ, ಘಮ ಅದರಲ್ಲೂ ಕೂತಿರುತ್ತದೆ.

ಹಾಗಾದರೆ ವೈದ್ಯರು ಕಷಾಯ ಬರೆಯುವುದಿಲ್ಲವೇ? ಬರೆಯುತ್ತಾರೆ. 20 ಗ್ರಾಂ ಬೇರಿಗೆ ಹದಿನಾರು ಪಾಲು ಎಂದರೆ 320 ಮಿಲಿ ನೀರು, ಸಣ್ಣ ಉರಿಯಲ್ಲಿ ಕಾಲುಭಾಗಕ್ಕೆ, 80 ಮಿಲಿಗೆ ಇಳಿಸುವುದು. ಅಲ್ಲಿ ಬೇಕಾದದ್ದು ಆ ಒಗರು, ಕಹಿ ಸಾರಗಳೇ. ಅದು ಬೇರೆ ಮದ್ದುಗಳ ಜೊತೆ, ರೋಗ ನೋಡಿ ಕೊಡುವಂಥದ್ದು. ಮನೆಯಲ್ಲಿ ಉರಿ, ಬಾಯಾರಿಕೆ, ಬಿಸಿಲಿನ ದಣಿವಿಗೆ ಹಿಮ ಸಾಕು. ಎರಡು-ಮೂರು ವಾರ ಕುಡಿದು ನಿಲ್ಲಿಸಿ. ವರ್ಷಪೂರ್ತಿ ಕುಡಿಯಲು ಇದು ಚಹಾ ಅಲ್ಲ.

ಸುಗಂಧಿ ಶರಬತ್ತು ಮಾಡಿ ಬಾಟಲಿಗೆ ತುಂಬಿದೆವು. ಒಂದು ಲೀಟರ್ ನೀರಿಗೆ ಒಂದು ಕಿಲೋ ಸಕ್ಕರೆ ಹಾಕಿದ್ದೆವು. ಹತ್ತು ದಿನದಲ್ಲಿ ನೊರೆ ಬಂದು ಮುಚ್ಚಳ ಹಾರಿತು. ಎಲ್ಲಿ ತಪ್ಪಿದೆವು?
— ಸ್ವಸಹಾಯ ಸಂಘದ ಸದಸ್ಯೆಯರು, ಧಾರವಾಡ

ಸಕ್ಕರೆಯ ಲೆಕ್ಕದಲ್ಲಿ. ಸಮಸಮ ಹಾಕಿದರೆ ಪಾಕದಲ್ಲಿ ಸಕ್ಕರೆ ತೂಕದ ಅರ್ಧ ಮಾತ್ರ. ಅಷ್ಟು ತೆಳುವಾದ ಪಾಕದಲ್ಲಿ ಹುದುಗುವ ಜೀವಿಗಳು ಸುಖವಾಗಿ ಬೆಳೆಯುತ್ತವೆ. ಹೊರಗಿಟ್ಟರೂ ಕೆಡದಿರಬೇಕಾದರೆ ಸಕ್ಕರೆ 65 ಶೇಕಡಾದ ಆಸುಪಾಸಿಗೆ ಬರಬೇಕು.

ಹೀಗೆ ಮಾಡಿ. ದಿಂಡು ತೆಗೆದ, ಜಜ್ಜಿದ ತೊಗಟೆ 100 ಗ್ರಾಂ. ಅದನ್ನು 700 ಮಿಲಿ ಬಿಸಿನೀರಿನಲ್ಲಿ ಮುಚ್ಚಿ 12 ತಾಸು ನೆನೆಸಿ, ಎರಡು ಪದರ ಅರಿವೆಯಲ್ಲಿ ಹಿಂಡದೆ ಸೋಸಿ. ಹಿಂಡಿದರೆ ಚರಟ ಇಳಿದು ತಳದಲ್ಲಿ ಗಸಿ ಕಟ್ಟುತ್ತದೆ. 500 ಮಿಲಿ ಅಳೆದುಕೊಳ್ಳಿ. ಅದಕ್ಕೆ 900 ಗ್ರಾಂ ಸಕ್ಕರೆ. ಪಾತ್ರೆಯನ್ನು ನೇರವಾಗಿ ಉರಿಯ ಮೇಲೆ ಇಡದೆ, ಕುದಿಯುವ ನೀರಿರುವ ದೊಡ್ಡ ಪಾತ್ರೆಯೊಳಗೆ ಇಳಿಸಿ, ಮುಚ್ಚಿ, ಆಗಾಗ ತಿರುವಿ. ಸಕ್ಕರೆ ಕರಗಿದ ಮೇಲೆ ಎರಡು ನಿಂಬೆಹಣ್ಣಿನ ರಸ ಸೋಸಿ ಹಾಕಿ. ಸಕ್ಕರೆ ಮತ್ತೆ ಹರಳುಗಟ್ಟುವುದನ್ನು ಅದು ತಡೆಯುತ್ತದೆ. ಒಂದು ಲೀಟರಿಗೆ ಚೂರು ಹೆಚ್ಚೇ ಆಗುತ್ತದೆ. ಬಾಟಲಿ, ಮುಚ್ಚಳ ಎರಡನ್ನೂ ಕುದಿಸಿ, ಪೂರ್ತಿ ಒಣಗಿಸಿ. ಬಾಟಲಿಯ ತಳದಲ್ಲಿ ಉಳಿದ ಒಂದು ಚಮಚ ನೀರು ಮೇಲಿನ ಪಾಕವನ್ನು ತೆಳು ಮಾಡಲು ಸಾಕು. ಬೂಸು ಹಿಡಿಯುವುದು ಅಲ್ಲಿಂದಲೇ. ಪಾಕ ಬಿಸಿಯಿರುವಾಗಲೇ ತುಂಬಿ.

ಬಣ್ಣ ತಿಳಿಗಂದು ಬರುತ್ತದೆ. ಪೇಟೆಯ ಬಾಟಲಿಯ ಕಡುಗೆಂಪು ನೋಡಿ ನಿಮ್ಮದು ಕಳಪೆ ಎಂದುಕೊಳ್ಳಬೇಡಿ. ಆ ಬಣ್ಣ ಬೇರಿನದಲ್ಲ. ಬೆಲ್ಲದಲ್ಲಿ ಮಾಡಿದರೆ ರುಚಿ ಬೇರೆಯೇ, ನಮಗೂ ಅದೇ ಇಷ್ಟ. ಆದರೆ ಬೆಲ್ಲದಲ್ಲಿ ತೇವ, ಕಸ ಎರಡೂ ಇರುವುದರಿಂದ ಮಾರಾಟಕ್ಕೆ ಬೇಡ. ಮನೆಗಾದರೆ ಫ್ರಿಜ್‌ನಲ್ಲಿಟ್ಟು ಹತ್ತು ದಿನದಲ್ಲಿ ಮುಗಿಸಿ.

ಒಂದು ಲೋಟಕ್ಕೆ 30 ಮಿಲಿ ಪಾಕ, ಅರ್ಧ ನಿಂಬೆ, ನೆನೆಸಿದ ಕಾಮಕಸ್ತೂರಿ ಬೀಜ. ಆ 30 ಮಿಲಿಯಲ್ಲಿ ಸಕ್ಕರೆಯೇ 25 ಗ್ರಾಂ, ಅಂದರೆ ಐದು ಚಹಾ ಚಮಚ. 'ಬೇರಿನ ಶರಬತ್ತು, ಸಕ್ಕರೆ ಕಾಯಿಲೆಗೆ ಒಳ್ಳೆಯದು' ಎಂದು ಲೇಬಲ್ ಮೇಲೆ ದಯವಿಟ್ಟು ಬರೆಸಬೇಡಿ.

ಮಕ್ಕಳಿಗೆಲ್ಲ ಕಜ್ಜಿ ಆಗೇತಿ. ರಾತ್ರಿ ಕೆರಕೊಂಡು ನಿದ್ದಿ ಮಾಡೂದಿಲ್ಲ. ನಾಮದ ಬೇರು ರಕ್ತ ಶುದ್ಧಿ ಮಾಡತೈತಿ ಅಂತಾರ. ಎಷ್ಟು ದಿನ ಕುಡಿಸಬೇಕು?
— ಒಬ್ಬ ತಾಯಿ, ರೋಣ

ತಂಗಿ, ಇದಕ್ಕೆ ಒಂದು ದಿನವೂ ಕುಡಿಸುವುದು ಬೇಡ. ರಾತ್ರಿ ಹೆಚ್ಚುವ ತುರಿಕೆ, ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಹಬ್ಬುವುದು, ಬೆರಳ ಸಂದಿಯಲ್ಲಿ ಗುಳ್ಳೆ ಇವೆಲ್ಲ ಕಜ್ಜಿಹುಳದ ಗುರುತು. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಚರ್ಮದೊಳಗೆ ಬಿಲ ಕೊರೆದು ಮೊಟ್ಟೆ ಇಟ್ಟಿರುತ್ತದೆ. ರಕ್ತ ಎಷ್ಟು 'ಶುದ್ಧ'ವಾದರೂ ಅದು ಸಾಯುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿದರೆ ಹಚ್ಚುವ ಮುಲಾಮು ಬರೆದುಕೊಡುತ್ತಾರೆ. ಸಾಮಾನ್ಯವಾಗಿ 5 ಶೇಕಡಾ ಪರ್ಮೆಥ್ರಿನ್. ತುರಿಕೆ ಇಲ್ಲದವರೂ ಸೇರಿ ಮನೆಮಂದಿಯೆಲ್ಲ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು, ಅವರು ಹೇಳಿದಂತೆ ವಾರದ ಮೇಲೆ ಇನ್ನೊಮ್ಮೆ. ಹಾಸಿಗೆ, ಕೌದಿ, ಬಟ್ಟೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಕೌದಿ ಬಿಟ್ಟು ಉಳಿದದ್ದೆಲ್ಲ ಒಗೆದರೆ ಕಜ್ಜಿ ಮತ್ತೆ ಬರುತ್ತದೆ.

ನಾಮದ ಬೇರು ಚರ್ಮಕ್ಕೆ ಕೆಲಸಕ್ಕೆ ಬರುವುದು ಬೆವರುಸಾಲೆಗೆ. ಬೇರನ್ನು ಗಂಧದ ಕಲ್ಲಿನ ಮೇಲೆ ನೀರು ಹಾಕಿ ತೇಯ್ದು ತೆಳ್ಳಗೆ ಹಚ್ಚಿ, ಒಣಗುವ ಮೊದಲೇ ತೊಳೆಯಿರಿ. ಒಡೆದ ಗುಳ್ಳೆ, ಕೀವಿರುವ ಕಡೆ ಹಚ್ಚಬೇಡಿ.

ಉರಿಮೂತ್ರಕ್ಕೆ ಈ ಬೇರು ಕುಡಿದು ಎರಡು ಸಲ ಗುಣ ಕಂಡಿದ್ದೇನೆ. ಈಗ ಜ್ವರವೂ ಬಂದಿದೆ. ಪ್ರಮಾಣ ಹೆಚ್ಚಿಸಲೇ?
— ಓದುಗರು, ಲಕ್ಷ್ಮೇಶ್ವರ

ಬೇಡ. ಇವತ್ತೇ ಮೂತ್ರ ಪರೀಕ್ಷೆ ಮಾಡಿಸಿ. ಬಿಸಿಲಲ್ಲಿ ದುಡಿದು ನೀರು ಸಾಲದೆ ಬರುವ ಉರಿಗೆ ಹಿಮ ಕುಡಿದರೆ ಇಳಿಯುತ್ತದೆ, ಅದರಲ್ಲಿ ಜೊತೆಗೆ ಕುಡಿದ ನೀರಿನ ಪಾಲೂ ದೊಡ್ಡದು. ಜ್ವರ, ಚಳಿ, ಪಕ್ಕೆನೋವು, ಮೂತ್ರದಲ್ಲಿ ರಕ್ತ ಇವುಗಳಲ್ಲಿ ಯಾವುದು ಸೇರಿದರೂ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು, ಅಥವಾ ಹರಳು ಸಿಕ್ಕಿಕೊಂಡಿರಬಹುದು. ಮೂತ್ರಪಿಂಡದ ಕಾಯಿಲೆ ಮೊದಲೇ ಇದ್ದವರು, ಸಕ್ಕರೆ ಕಾಯಿಲೆ ಅಥವಾ ಬಿಪಿ ಗುಳಿಗೆ ನುಂಗುವವರು ಹಿಮ ಕುಡಿಯುವ ಮೊದಲೇ ಡಾಕ್ಟರಿಗೆ ಹೇಳಬೇಕು.

ಬಾಯಿಹುಣ್ಣಿನ ಬಗ್ಗೆ ಕೇಳಿದ ಗದಗಿನ ಓದುಗರಿಗೂ ಇಲ್ಲೇ ಉತ್ತರ: ಹಿಮದಿಂದ ದಿನಕ್ಕೆ ಮೂರು ಸಲ ಬಾಯಿ ಮುಕ್ಕಳಿಸಬಹುದು. ಎರಡು ವಾರ ಕಳೆದರೂ ಮಾಯದ ಹುಣ್ಣು, ಅದರಲ್ಲೂ ಗುಟ್ಕಾ, ತಂಬಾಕು ಹಾಕುವವರಲ್ಲಿ, ಬೇರಿನ ಕೆಲಸವಲ್ಲ. ತಡ ಮಾಡದೆ ತೋರಿಸಿ.

ಹಾವು ಕಡದಾಗ ಈಶ್ವರಿ ಬೇರು ತೇಯ್ದು ಕುಡಿಸೋದು ನಮ್ಮ ಹಿರೇರ ಕಾಲದಿಂದ ಐತಿ. ನಾಮದ ಬೇರು, ಈಶ್ವರಿ ಬೇರು ಎರಡೂ ಒಂದನ?
— ಯುವಕ, ಶಿರಹಟ್ಟಿ

ಅಲ್ಲವೇ ಅಲ್ಲ. ಈಶ್ವರಿ ಬಳ್ಳಿಯ ಎಲೆ ಗಿಣ್ಣಿಗೆ ಒಂದೇ, ಹಾಲು ಬರುವುದಿಲ್ಲ, ಬೇರು ಕಹಿ ಮತ್ತು ಕರ್ಪೂರದಂಥ ಗಾಟು. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಮೆಲ್ಲಗೆ, ಮರಳಿ ಸರಿಹೋಗದಂತೆ ಹಾಳುಮಾಡುತ್ತದೆ, ಮೂತ್ರನಾಳದಲ್ಲಿ ಕ್ಯಾನ್ಸರ್ ತರುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಗುಳಿಗೆಗೆ ಒಂದು ಚೀನೀ ಬೇರಿನ ಬದಲು ಈಶ್ವರಿಯ ಜಾತಿಯ ಬೇರು ಸೇರಿಹೋಯಿತು. ಹೆಸರು ಹತ್ತಿರ ಹತ್ತಿರ ಇದ್ದದ್ದೇ ಕಾರಣ. ಸುಮಾರು ನೂರು ಮಹಿಳೆಯರ ಮೂತ್ರಪಿಂಡ ಕೆಟ್ಟವು. ಈಶ್ವರಿ ಬೇರನ್ನು ಯಾವ ಕಾಯಿಲೆಗೂ ಹೊಟ್ಟೆಗೆ ತೆಗೆದುಕೊಳ್ಳಬೇಡಿ.

ಹಿರಿಯರು ಗುಣ ಕಂಡದ್ದು ಸುಳ್ಳಲ್ಲ. ಕಡಿದ ಹಾವುಗಳಲ್ಲಿ ವಿಷವಿಲ್ಲದವೇ ಬಹಳ. ವಿಷದ ಹಾವೂ ಎಲ್ಲ ಸಲ ವಿಷ ಬಿಡುವುದಿಲ್ಲ. ಅಂಥವರಿಗೆ ಏನು ಕುಡಿಸಿದ್ದರೂ ಬದುಕುತ್ತಿದ್ದರು, ಹೆಸರು ಬೇರಿಗೆ ಬಂತು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷದ ಚುಚ್ಚುಮದ್ದು ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕೈಕಾಲು ಅಲುಗಾಡದಂತೆ ಮರದ ಪಟ್ಟಿ ಇಟ್ಟು, ಉಂಗುರ, ಬಳೆ, ಕಾಲ್ಗಡಗ ಬಿಚ್ಚಿ, 108ಕ್ಕೆ ಫೋನ್ ಮಾಡಿ. ಬಿಗಿದು ಕಟ್ಟುವುದು, ಕೊಯ್ಯುವುದು, ಹೀರುವುದು ಬೇಡ. ಮಂಡಲದ ಕಡಿತಕ್ಕೆ ಬಿಗಿದು ಕಟ್ಟಿದರೆ ಮಾಂಸ ಕೊಳೆತು ಕಾಲನ್ನೇ ಕಳೆದುಕೊಳ್ಳಬೇಕಾಗುತ್ತದೆ. 2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು.

ಗರ್ಭಿಣಿಯರು ಕುಡಿಯಬಹುದೇ?
— ಹಾನಗಲ್

ನಿಮ್ಮಷ್ಟಕ್ಕೆ ನೀವೇ ಕುಡಿಯಬೇಡಿ. 'ಕಾವು ಇಳಿಸಲು' ಕೊಡುವ ರೂಢಿ ಇದೆಯಾದರೂ ನೋಡಿಕೊಳ್ಳುತ್ತಿರುವ ವೈದ್ಯರಿಗೆ ತಿಳಿಯದೆ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೂ ಬೇಡ.

ಕಪ್ಪತಗುಡ್ಡದಲ್ಲಿ ಈ ಬೇರು ಧಾರಾಳ ಎಂದು ಕೇಳಿದ್ದೇವೆ. ಅಗೆದು ತರಬಹುದೇ? ಇಲ್ಲದಿದ್ದರೆ ಮನೆಯಲ್ಲಿ ಬೆಳೆಸುವುದು ಹೇಗೆ?
— ಕಾಲೇಜು ವಿದ್ಯಾರ್ಥಿಗಳು, ಗದಗ

ತರಬಾರದು. 2019ರಿಂದ ಕಪ್ಪತಗುಡ್ಡ ವನ್ಯಜೀವಿ ಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಅಲ್ಲಿಂದ ಬೇರು ಅಗೆಯುವುದು ಅಪರಾಧ. ಎಲೆಯೋ ಕಾಯಿಯೋ ಕಿತ್ತರೆ ಗಿಡ ಮತ್ತೆ ಚಿಗುರುತ್ತದೆ, ಬುಡಸಮೇತ ಬೇರು ತೆಗೆದರೆ ಅಲ್ಲಿಗೆ ಮುಗಿಯಿತು. ನಿಮ್ಮದೇ ಹೊಲದ ಒಡ್ಡಿನಲ್ಲಿದ್ದರೂ ಬುಡದಿಂದ ಒಂದೂವರೆ ಗೇಣು ದೂರ ಅಗೆದು ಒಂದೇ ಮಗ್ಗುಲಿನ ಬೇರು ತೆಗೆಯಿರಿ. ಇನ್ನೊಂದು ಮಗ್ಗುಲು ಎರಡು ವರ್ಷದ ಮೇಲೆ. ಮಳೆ ಮುಗಿದು ನೆಲ ಇನ್ನೂ ಮೆತ್ತಗಿರುವ ಕಾರ್ತಿಕ-ಮಾರ್ಗಶಿರ ಅದಕ್ಕೆ ಹದ. ಬೇಸಿಗೆಯಲ್ಲಿ ಎಳೆದರೆ ಬೇರು ನಡುವೆಯೇ ತುಂಡಾಗುತ್ತದೆ.

ಬೆಳೆಸುವುದು ಕಷ್ಟವಿಲ್ಲ, ತಾಳ್ಮೆ ಬೇಕು. ಎರಿ ಮಣ್ಣು ಒಗ್ಗುವುದಿಲ್ಲ. ಮಳೆಗಾಲದಲ್ಲಿ ನೀರು ಹಿಡಿದು ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಡಿಯುತ್ತದೆ. ಮಸಾರಿ, ಗರಸು ಮಿಶ್ರಿತ ಕೆಂಪು ಮಣ್ಣು ಸರಿ. ಜೂನ್‌ನಲ್ಲಿ ಬಲಿತ ಕಾಂಡದ ನಾಲ್ಕು ಗಿಣ್ಣಿನ ತುಂಡುಗಳನ್ನು, ಎರಡು ಗಿಣ್ಣು ಮಣ್ಣೊಳಗೆ ಇರುವಂತೆ ಊರಿ. ಮರಳು, ಕೆಂಪು ಮಣ್ಣು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸಮಪಾಲು. ಎಲ್ಲವೂ ಹತ್ತುವುದಿಲ್ಲ, ಬೇಕಾದ್ದಕ್ಕಿಂತ ಮೂರು ಪಟ್ಟು ಊರಿ. ಬೀಜದಿಂದಲೂ ಆಗುತ್ತದೆ, ಕಾಯಿ ಬಿರಿಯುವ ಮೊದಲೇ ಅರಿವೆ ಕಟ್ಟಿ ಹಿಡಿಯಬೇಕು, ಹಿಡಿದದ್ದನ್ನು ಇಟ್ಟುಕೊಳ್ಳದೆ ಬೇಗ ಬಿತ್ತಬೇಕು.

ಚಿಕ್ಕ ಕುಂಡ ಬೇಡ, ಬೇರು ತಳ ಮುಟ್ಟಿ ಸುತ್ತಿಕೊಂಡು ಜಡೆಯಾಗುತ್ತದೆ. ಸಿಮೆಂಟಿನ ಖಾಲಿ ಚೀಲ ತೊಳೆದು, ತಳಕ್ಕೆ ಎಂಟು-ಹತ್ತು ತೂತು ಹಾಕಿ, ಎರಡು ಅಡಿ ಮಣ್ಣು ತುಂಬಿ ಒಂದು ಚೀಲಕ್ಕೆ ಎರಡು ಸಸಿ ಇಡಿ. ಹಬ್ಬಲು ಕೋಲು ಊರಿ. ಅರೆನೆರಳು ಸಾಕು, ನೀರು ಮೇಲಿನ ಒಂದು ಬೆರಳು ಮಣ್ಣು ಒಣಗಿದ ಮೇಲೆಯೇ. ಹದಿನೆಂಟರಿಂದ ಇಪ್ಪತ್ನಾಲ್ಕು ತಿಂಗಳ ಮೇಲೆ ಚೀಲವನ್ನು ಪಕ್ಕಕ್ಕೆ ಸೀಳಿ, ನೀರು ಬಿಟ್ಟು ಮಣ್ಣು ಕರಗಿಸಿದರೆ ಬೇರು ತುಂಡಾಗದೆ ಬರುತ್ತದೆ. ಅರ್ಧ ಕತ್ತರಿಸಿಕೊಂಡು ಬುಡವನ್ನು ಹೊಸ ಚೀಲಕ್ಕೆ ನೆಡಿ.

ತೆಗೆದ ಬೇರನ್ನು ನೀರಲ್ಲಿ ನೆನೆಹಾಕಬೇಡಿ, ಬೇಗ ತೊಳೆದು ನೆರಳಲ್ಲಿ ಹರಡಿ. ಬಿಸಿಲಿಗೆ ಹಾಕಿದರೆ ಘಮ ಅಲ್ಲೇ ಅರ್ಧ ಹೋಗುತ್ತದೆ. ವಾರ-ಹತ್ತು ದಿನಕ್ಕೆ ಬಗ್ಗಿಸಿದರೆ ಟಕ್ಕೆಂದು ಮುರಿಯಬೇಕು. ಬಳುಕಿದರೆ ಇನ್ನೂ ತೇವ ಇದೆ, ತುಂಬಿಟ್ಟರೆ ಬೂಸು ಹಿಡಿಯುತ್ತದೆ. ಗಾಜಿನ ಡಬ್ಬಿ, ಬಿಗಿ ಮುಚ್ಚಳ, ಮೇಲೆ ತೆಗೆದ ತಿಂಗಳು ಬರೆದ ಚೀಟಿ. ಜಜ್ಜುವುದು ಬಳಸುವ ದಿನವೇ. ವರ್ಷ ಕಳೆದ ಮೇಲೆ ಮುರಿದು ಮೂಸಿ ನೋಡಿ: ಘಮವಿದ್ದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ತಿಪ್ಪೆಗೆ ಹಾಕಿ.